ಎಡೆದೊರೆಯ ಸಾಲಪತ್ರ: ರಾಯಚೂರು ಸೀಮೆಯಲ್ಲಿ ಬ್ರಿಟಿಷ್ ಆಳ್ವಿಕೆ

ವಸಾಹತು ಕಾಲದ ಕರ್ನಾಟಕವನ್ನು ಕುರಿತು ಬರೆಯುವವರ ಕಣ್ಣ ಮುಂದೆ ಸಾಮಾನ್ಯವಾಗಿ ಮೂರು ಮಾದರಿಗಳಿರುತ್ತವೆ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳು ಒಂದು. ಮದರಾಸು ಆಧಿಪತ್ಯದ ಬಳ್ಳಾರಿ, ಮಂಗಳೂರುಗಳು ಇನ್ನೊಂದು. 1831ರಿಂದ 1881ರವರೆಗೆ ಕಮಿಷನರರು ಆಳಿದ ಮೈಸೂರು ಮತ್ತೊಂದು. ರಾಯಚೂರು ಈ ಮೂರರೊಳಗೂ ಬರುವುದಿಲ್ಲ. ಅಲ್ಲಿದ್ದವನು ನಿಜಾಮ, ಬ್ರಿಟಿಷರಲ್ಲ ಎಂಬ ಒಂದು ಮಾತಿನಿಂದ ಆ ಸೀಮೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವುದು ನಮ್ಮ ಪಠ್ಯಗಳ ವಾಡಿಕೆ. ಆ ಭಾಗದ ಹಿಂದುಳಿದಿರುವಿಕೆಯ ಕಾರಣವನ್ನು ಹುಡುಕುವಾಗಲೂ ಇದೇ ಮಾತು ಮರಳಿ ಬರುತ್ತದೆ. ನಿಜಾಮಶಾಹಿಯ ದೋಷಗಳನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ. ಆದರೆ ಬ್ರಿಟಿಷರು ಇರಲಿಲ್ಲ ಎಂಬುದು ಮಾತ್ರ ಸತ್ಯಕ್ಕೆ ದೂರ. ರಾಯಚೂರು ಸೀಮೆಯನ್ನು ಅವರು ಏಳು ವರ್ಷಗಳ ಕಾಲ ನೇರವಾಗಿ ಆಳಿದರು. ಅದಕ್ಕೆ ಮೊದಲು ಅರ್ಧ ಶತಮಾನ, ಅದರ ಅನಂತರ ಸುಮಾರು ತೊಂಬತ್ತು ವರ್ಷ, ಮರೆಯಲ್ಲಿ ನಿಂತು ಆಳಿದರು. ಈ ಆಳ್ವಿಕೆ ಯುದ್ಧದಿಂದ ಬಂದದ್ದಲ್ಲ, ಲೆಕ್ಕದ ಪುಸ್ತಕದಿಂದ ಬಂದದ್ದು. ಹೀಗಾಗಿಯೇ ಅದು ಕಣ್ಣಿಗೆ ಬೀಳುವುದು ಕಡಮೆ.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ಭೂಭಾಗಕ್ಕೆ ಶಾಸನಗಳು ಕೊಡುವ ಹೆಸರು ಎಡೆದೊರೆ ನಾಡು. ರಾಜೇಂದ್ರ ಚೋಳನ ಮೆಯ್ಕೀರ್ತಿಯಲ್ಲಿ ಅದೇ ಇಡೈತುರೈನಾಡು ಆಗಿದೆ. ಪಾರಸಿ ಬಲ್ಲವರು ಅದನ್ನು ದೋಆಬ್ ಎಂದರು. ಎರಡು ತೊರೆಗಳ ಎಡೆ, ಎರಡು ನೀರುಗಳ ನಡುವೆ, ಅರ್ಥ ಒಂದೇ. ಚಾಲುಕ್ಯ–ಚೋಳರಿಂದ ಹಿಡಿದು ಬಹಮನಿ–ವಿಜಯನಗರದವರೆಗೆ ಈ ನೆಲಕ್ಕಾಗಿ ನಡೆದ ಕಾಳಗಗಳನ್ನು ಎಣಿಸುವುದೇ ಕಷ್ಟ. 1520ರ ರಾಯಚೂರು ಮುತ್ತಿಗೆ ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಇಷ್ಟೊಂದು ರಕ್ತ ಹರಿದ ನೆಲವನ್ನು ಕಂಪನಿ ಸರ್ಕಾರ ಒಂದು ಗುಂಡೂ ಹಾರಿಸದೆ ಪಡೆಯಿತು.

ಕಥೆಯ ಮೊದಲ ಎಳೆ 1800ರದು. ಸಹಾಯಕ ಸೈನ್ಯ ಪದ್ಧತಿಯ ಪ್ರಕಾರ ಹೈದರಾಬಾದಿನಲ್ಲಿದ್ದ ಕಂಪನಿಯ ದಂಡಿನ ಖರ್ಚನ್ನು ನಿಜಾಮ ಕೊಡಬೇಕಾಗಿತ್ತು. ವರ್ಷವರ್ಷವೂ ಹಣ ಕೊಡುವ ಬದಲಿಗೆ ಆತ ಬಳ್ಳಾರಿ, ಕಡಪ ಮೊದಲಾದ ಪ್ರದೇಶಗಳನ್ನೇ ಶಾಶ್ವತವಾಗಿ ಬಿಟ್ಟುಕೊಟ್ಟ. ಟಿಪ್ಪುವಿನ ಪತನದ ಅನಂತರ ಪಾಲಿಗೆ ಬಂದ ನೆಲ ಹೀಗೆ ಕೈಬಿಟ್ಟಿತು. ಅವನ್ನೇ ದತ್ತ ಮಂಡಲ ಎನ್ನುತ್ತಾರೆ. ಅಂದಿನಿಂದ ತುಂಗಭದ್ರೆ ಗಡಿಯಾಯಿತು. ನದಿಯ ತೆಂಕಣ ದಡದ ಆದವಾನಿ, ಸಿರುಗುಪ್ಪಗಳ ರೈತನಿಗೆ ಥಾಮಸ್ ಮನ್ರೋ ಎಂಬ ಕಲೆಕ್ಟರ್ ಬಂದ, ರೈತವಾರಿ ಪಟ್ಟಾ ಬಂತು, ಮದರಾಸಿನ ಕಚೇರಿ ಬಂತು. ಬಡಗಣ ದಡದ ಮಾನ್ವಿಯ ರೈತನಿಗೆ ಹಳೆಯ ಗುತ್ತಿಗೆದಾರನೇ ಉಳಿದ. ಎರಡೂ ದಡಗಳಲ್ಲಿ ಅದೇ ಕನ್ನಡ, ಅದೇ ಎರೆಭೂಮಿ, ಅದೇ ಜೋಳ, ಹತ್ತಿ. ಬೀಗತನಗಳೂ ನದಿ ದಾಟಿಯೇ ನಡೆಯುತ್ತಿದ್ದವು. ಮಂತ್ರಾಲಯದ ಮಠದ ಇನಾಮು ಜಮೀನನ್ನು ವಿಚಾರಿಸಲು ಬಂದ ಮನ್ರೋಗೆ ರಾಘವೇಂದ್ರಸ್ವಾಮಿಗಳು ಬೃಂದಾವನದಿಂದ ಎದ್ದುಬಂದು ದರ್ಶನ ಕೊಟ್ಟರೆಂಬ ಐತಿಹ್ಯ ಇಂದಿಗೂ ಜನಪ್ರಿಯವಾಗಿದೆ. ಭಕ್ತಿಯ ಕಥೆಯಾಗಿ ಅದು ಪ್ರಚಾರದಲ್ಲಿದೆ. ಚರಿತ್ರೆಯ ವಿದ್ಯಾರ್ಥಿಗೆ ಅದರಲ್ಲಿ ಇನ್ನೊಂದು ಅಂಶವೂ ಕಾಣಬೇಕು: ಹೊಸ ಸರ್ಕಾರ ಹಳೆಯ ದಾನಪತ್ರಗಳನ್ನು ಕೇಳತೊಡಗಿದಾಗ ದಡದ ಊರುಗಳಲ್ಲಿ ಹುಟ್ಟಿದ ಆತಂಕ ಎಷ್ಟಿತ್ತೆಂದರೆ, ಅದನ್ನು ಪರಿಹರಿಸಲು ಸ್ವತಃ ಗುರುಗಳೇ ಏಳಬೇಕಾಯಿತು.

ನದಿಯ ಈಚೆಗೆ ಮರೆಯ ಆಳ್ವಿಕೆ ಬೇರೆಯೇ ರೂಪ ತಾಳಿತು. 1811ರಿಂದ 1820ರವರೆಗೆ ಹೈದರಾಬಾದಿನ ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್, ಸಹಾಯಕ ಸೈನ್ಯ ಸಾಲದೆಂದು, ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಇನ್ನೊಂದು ದಂಡನ್ನು ಕಟ್ಟಿದ. ರಸೆಲ್ ಬ್ರಿಗೇಡ್ ಎನಿಸಿಕೊಂಡಿದ್ದ ಅದು ಬೆಳೆದು ಹೈದರಾಬಾದ್ ಕಾಂಟಿಂಜೆಂಟ್ ಆಯಿತು. ಸೈನ್ಯ ನಿಜಾಮನದು, ಸಂಬಳ ನಿಜಾಮನದು, ಆಜ್ಞೆ ಮಾತ್ರ ರೆಸಿಡೆಂಟನದು. ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿಗಳನ್ನು ನುಂಗುತ್ತಿದ್ದ ಈ ದಂಡಿಗೆ ಹಣ ಹೊಂದಿಸಲು ಮಂತ್ರಿ ಚಂದೂಲಾಲ್ ಸಾಲದ ಮೇಲೆ ಸಾಲ ತಂದ. ಸಾಲ ಕೊಟ್ಟವರಲ್ಲಿ ಮುಖ್ಯವಾದುದು ವಿಲಿಯಂ ಪಾಮರ್ ಕಂಪನಿ ಎಂಬ ಸಾಹುಕಾರಿ ಮನೆ. ಅದರ ಬಡ್ಡಿ ನೂರಕ್ಕೆ ಇಪ್ಪತ್ತನ್ನು ಮೀರಿತ್ತು. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಈ ವ್ಯವಹಾರದ ಒಳಗುಟ್ಟನ್ನು ಹೊರಗೆಳೆದಾಗ ಕಲ್ಕತ್ತೆ, ಲಂಡನ್ನುಗಳಲ್ಲಿ ದೊಡ್ಡ ಗದ್ದಲವೇ ಆಯಿತು. ಪಾಮರ್ ಕಂಪನಿ ದಿವಾಳಿಯೆದ್ದಿತು. ಕಾಂಟಿಂಜೆಂಟ್ ಮಾತ್ರ ಹಾಗೆಯೇ ಉಳಿಯಿತು.

ಸಾಲ ತೀರಿಸಲು ಹಣ ಎಲ್ಲಿಂದ ಬರಬೇಕು? ಕಂದಾಯವನ್ನು ಮುಂಗಡವಾಗಿ ಕೊಟ್ಟವರಿಗೆ ತಾಲ್ಲೂಕುಗಳನ್ನು ಗುತ್ತಿಗೆಗೆ ಒಪ್ಪಿಸಬೇಕು. ಗುತ್ತಿಗೆದಾರ ತಾನು ಕೊಟ್ಟದ್ದಕ್ಕಿಂತ ಹೆಚ್ಚನ್ನು ಹಳ್ಳಿಯಿಂದ ಹಿಂಡಬೇಕು. ಚಂದೂಲಾಲನ ಕಾಲದ ಈ ಕಂದಾಯ ಗುತ್ತಿಗೆಯನ್ನು ಪೌರಸ್ತ್ಯ ದುರಾಡಳಿತದ ಮಾದರಿ ಎಂದು ಇಂಗ್ಲಿಷ್ ಲೇಖಕರು ಹಲವು ಕಡೆ ವರ್ಣಿಸಿದ್ದಾರೆ. ವರ್ಣನೆ ಸುಳ್ಳಲ್ಲ. ಆದರೆ ಆ ಗಾಣಕ್ಕೆ ಕಟ್ಟಿದ ನೊಗ ಯಾರದು ಎಂಬ ಪ್ರಶ್ನೆ ಆ ವರ್ಣನೆಗಳಲ್ಲಿ ಅಪರೂಪ. ನಮ್ಮವರು ಬರೆದ ಚರಿತ್ರೆಗಳೂ ಈ ಪ್ರಶ್ನೆಯನ್ನು ಬಹುಮಟ್ಟಿಗೆ ಅವರಷ್ಟೇ ಸುಲಭವಾಗಿ ದಾಟಿಬಿಡುತ್ತವೆ.

1853ರ ಹೊತ್ತಿಗೆ ಕಾಂಟಿಂಜೆಂಟಿನ ಬಾಕಿ ಅರ್ಧ ಕೋಟಿಯ ಹತ್ತಿರಕ್ಕೆ ಬಂದಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿ ಬಾಕಿಯ ಬದಲಿಗೆ ನೆಲ ಕೇಳಿದ. ನಿಜಾಮ ನಾಸಿರುದ್ದೌಲ ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಮೇ 21ರಂದು ರೆಸಿಡೆಂಟ್ ಜಾನ್ ಲೋ ಸಹಿ ಪಡೆದ. ವರ್ಷಕ್ಕೆ ಸುಮಾರು 50 ಲಕ್ಷ ರೂಪಾಯಿ ಹುಟ್ಟುವಳಿಯ ವರಾಡ, ಧಾರಾಶಿವ ಮತ್ತು ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋದವು. ಪ್ರತಿಯಾಗಿ 5,000 ಕಾಲಾಳು, 2,000 ಕುದುರೆ, ನಾಲ್ಕು ತೋಪಿನ ದಳಗಳ ಕಾಂಟಿಂಜೆಂಟನ್ನು ಕಂಪನಿ ನಡೆಸಿಕೊಂಡು ಹೋಗಬೇಕು. ಹೆಸರಿಗೆ ನಿಜಾಮನ ಒಡೆತನ ಉಳಿದಿತ್ತು. ಒಪ್ಪಿಸಿದ ಜಿಲ್ಲೆಗಳು ಎಂಬುದು ಕಾಗದದ ಮಾತು. ಒಪ್ಪಂದವಾದ ಕೆಲವೇ ದಿನಗಳಲ್ಲಿ ದಿವಾನ ಸಿರಾಜುಲ್‌ಮುಲ್ಕ್ ತೀರಿಕೊಂಡ. ಅವನ ಅಣ್ಣನ ಮಗ, ಇಪ್ಪತ್ತನಾಲ್ಕರ ತರುಣ, ಆ ಸ್ಥಾನಕ್ಕೆ ಬಂದ. ಅವನೇ ಮುಂದೆ ಪ್ರಸಿದ್ಧನಾದ ಮೊದಲನೆಯ ಸಾಲಾರ್ ಜಂಗ್.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಂಥ ಒಂದು ಊರನ್ನು ನಡುವೆ ಇಟ್ಟುಕೊಂಡು ಈ ಬದಲಾವಣೆಗಳನ್ನು ನೋಡಬೇಕು. 1853ರ ಬೇಸಗೆಯವರೆಗೆ ಅದು ನಿಜಾಮನ ಊರು. ಅಲ್ಲಿಂದ ಕಂಪನಿಯದು. 1858ರಲ್ಲಿ ಕಂಪನಿಯ ಅಧಿಕಾರ ರದ್ದಾದಾಗ ವಿಕ್ಟೋರಿಯಾ ರಾಣಿಯದು. 1860ರಲ್ಲಿ ಮತ್ತೆ ನಿಜಾಮನದು. 1948ರಲ್ಲಿ ಭಾರತ ಒಕ್ಕೂಟಕ್ಕೆ ಸೇರಿದ ಹೈದರಾಬಾದ್ ರಾಜ್ಯದ್ದು, 1956ರಲ್ಲಿ ಮೈಸೂರು ರಾಜ್ಯದ್ದು, 1973ರಿಂದ ಕರ್ನಾಟಕದ್ದು. ಹೊಲದ ಬದು ಕದಲಲಿಲ್ಲ. ಕಂದಾಯದ ರಸೀದಿಯ ಭಾಷೆ, ಅದರ ಮೇಲಿನ ಮುದ್ರೆ, ಅದನ್ನು ಕೊಡಬೇಕಾದ ನಾಣ್ಯ ಮಾತ್ರ ಬದಲಾದವು. ನಾಣ್ಯದ ವಿಷಯದಲ್ಲಿ ಒಂದು ಮಾತು: ನಿಜಾಮನ ಟಂಕಸಾಲೆಯ ಹಾಲಿ ಸಿಕ್ಕಾ ಒಂದು ಬೆಲೆಯದಾದರೆ, ಯಂತ್ರದಲ್ಲಿ ಅಚ್ಚಾದ ಕಂಪನಿಯ ರೂಪಾಯಿ, ಅಂದರೆ ಕಲ್ದಾರು, ಇನ್ನೊಂದು ಬೆಲೆಯದು. ಹಾಲಿಗಿಂತ ಕಲ್ದಾರಿಗೆ ಬೆಲೆ ಹೆಚ್ಚು. ಗಡಿಯ ಸಂತೆಗಳಲ್ಲಿ ಈ ವಟ್ಟದ ಲೆಕ್ಕ ಬಲ್ಲವನೇ ವ್ಯಾಪಾರಿ. ಸಾರ್ವಭೌಮತ್ವ ಯಾರದೆಂಬ ತಾತ್ತ್ವಿಕ ಪ್ರಶ್ನೆಗೆ ಸಂತೆಯ ವಟ್ಟವೇ ಉತ್ತರ ಕೊಡುತ್ತಿತ್ತು.

ಆ ಏಳು ವರ್ಷಗಳ ನಡುವೆಯೇ 1857–58 ಬಂತು. ದೋಆಬಿನ ಅಂಚಿನಲ್ಲಿ, ಕೃಷ್ಣೆಯ ಆಚೆಗೆ, ಬೇಡ ನಾಯಕರ ಸುರಪುರವಿದೆ. ಅಲ್ಲಿಯ ಅರಸು ಕೃಷ್ಣಪ್ಪ ನಾಯಕ 1841ರಲ್ಲಿ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನದ ಮೇಲ್ವಿಚಾರಣೆಗೆ ಬಂದವನು ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ನಿಜಾಮನ ಸೈನ್ಯ ಸೇರಿ, 1839ರಲ್ಲಿ ಠಕ್ಕರ ಕಥೆಯನ್ನು ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು. ಸುಮಾರು ಹನ್ನೆರಡು ವರ್ಷ ಅವನು ಸುರಪುರದಲ್ಲಿದ್ದ. ಬಾಲಕ ರಾಜ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಊರಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇನ್ನೂ ನಿಂತಿದೆ.

1853ರಲ್ಲಿ ರಾಜನಿಗೆ ಅಧಿಕಾರ ಒಪ್ಪಿಸಿ ಟೇಲರ್ ಹೊರಟ. ಐದು ವರ್ಷ ಕಳೆಯುವಷ್ಟರಲ್ಲಿ, 1858ರ ಫೆಬ್ರುವರಿಯಲ್ಲಿ, ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಕ್ಯಾಪ್ಟನ್ ನ್ಯೂಬರಿ ಹೋರಾಟದಲ್ಲಿ ಸತ್ತ. ಕಾಂಟಿಂಜೆಂಟೂ ಇತರ ಪಡೆಗಳೂ ಸುತ್ತಲಿಂದ ಬಂದಾಗ ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಸೆರೆಮನೆಯಲ್ಲಿ ತನ್ನನ್ನು ಕಂಡಾಗ ರಾಜ ನಡೆದುಕೊಂಡ ರೀತಿಯನ್ನು ಟೇಲರ್ ಆತ್ಮಕಥೆಯಲ್ಲಿ ದೀರ್ಘವಾಗಿ ವಿವರಿಸಿದ್ದಾನೆ. ಜೊತೆಗೂಡಿದವರ ಹೆಸರು ಹೇಳಿದರೆ ಲಾಭವಾದೀತೆಂಬ ಸೂಚನೆ ಬಂದರೂ ರಾಜ ಬಾಯಿಬಿಡಲಿಲ್ಲ. ನೇಣಿಗಿಂತ ತೋಪಿನ ಬಾಯಿಗೆ ಕಟ್ಟಿ ಹಾರಿಸುವುದು ಮೇಲೆಂದ. ಮರಣದಂಡನೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷಗಳ ಸೆರೆಯಾಯಿತು. ಮದರಾಸಿನ ಬಳಿಯ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತ. ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ಬರೆಯುತ್ತಾನೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜನಿಗೆ ಮರಣವಿದೆಯೆಂದು ಜಾತಕದಲ್ಲಿ ಮೊದಲೇ ಇತ್ತು ಎಂಬುದನ್ನೂ ಸೇರಿಸುತ್ತಾನೆ.

ಸಾಹಿತ್ಯದ ವಿದ್ಯಾರ್ಥಿಗಳು ತಡೆದು ಓದಬೇಕಾದ ಜಾಗ ಇದು. ಟೇಲರ್ ಕ್ರೂರಿಯಲ್ಲ, ಅವನ ಪ್ರೀತಿ ನಟನೆಯಲ್ಲವೆಂದು ನನಗೂ ಅನಿಸುತ್ತದೆ. ಆದರೆ ಜಾತಕದ ಆ ಕಥೆ ನಿರೂಪಣೆಯೊಳಗೆ ಮಾಡುವ ಕೆಲಸ ಸಣ್ಣದಲ್ಲ. ಒಂದು ರಾಜಕೀಯ ದಂಗೆ, ಅದರ ಹಿಂದಿನ ಕಾರಣಗಳು, ಒಬ್ಬ ಅರಸನ ಸಾವು ಎಲ್ಲವೂ ವಿಧಿಯ ಖಾತೆಗೆ ಜಮೆಯಾಗುತ್ತವೆ. ದುಷ್ಟ ಸಲಹೆಗಾರರು, ದುಡುಕಿನ ತರುಣ, ತಪ್ಪಿಸಲಾಗದ ಗ್ರಹಗತಿ ಇವು ಮೂರೂ ಕೂಡಿದ ಮೇಲೆ ಆಳಿದವರ ಪಾತ್ರವೇನೆಂದು ಕೇಳುವ ಅವಕಾಶ ಉಳಿಯುವುದಿಲ್ಲ. ನಮ್ಮ ಪುರಾಣಗಳಲ್ಲಿ ಕರ್ಮಫಲದ ಕಥನವನ್ನು ಓದಿ ಬಲ್ಲವರಿಗೆ ಇದರ ಒಂದು ವ್ಯತ್ಯಾಸ ತಕ್ಷಣ ಹೊಳೆದೀತು. ಜೈನಪುರಾಣದಲ್ಲಿ ಭವಾವಳಿಯನ್ನು ಹೇಳುವುದು ಕರ್ತೃವಿನ ಹೊಣೆಯನ್ನು ತೋರಿಸಲಿಕ್ಕೆ. ಟೇಲರನಲ್ಲಿ ಜಾತಕ ಬರುವುದರಿಂದ ಹೊಣೆ ಕರಗುತ್ತದೆ. ಅದೇ ವರ್ಷ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯನೂ ಹೋರಾಡಿ ಸತ್ತ. ಅವನ ಕಥೆಯನ್ನು ಹೇಳಲು ಇಂಗ್ಲಿಷಿನ ಕಾದಂಬರಿಕಾರನೊಬ್ಬ ಪಕ್ಕದಲ್ಲಿರಲಿಲ್ಲ. ಅದು ಜನಪದರ ನೆನಪಿನಲ್ಲಿಯೂ ಸರ್ಕಾರದ ಕಡತಗಳಲ್ಲಿಯೂ ಹಂಚಿಹೋಯಿತು.

1857ರಲ್ಲಿ ಹೈದರಾಬಾದ್ ಬ್ರಿಟಿಷರ ಜೊತೆ ನಿಂತದ್ದಕ್ಕೆ ಬಹುಮಾನ ಬಂದದ್ದು 1860ರ ಡಿಸೆಂಬರ್ ಒಪ್ಪಂದದಲ್ಲಿ. 50 ಲಕ್ಷದ ಸಾಲ ಮನ್ನಾ ಆಯಿತು. ರಾಯಚೂರು ದೋಆಬ್ ಮತ್ತು ಧಾರಾಶಿವ ನಿಜಾಮನಿಗೆ ಮರಳಿದವು. ಮುಟ್ಟುಗೋಲಾದ ಸುರಪುರವನ್ನೂ ಅವನಿಗೇ ಕೊಟ್ಟರು. ವರಾಡ ಮಾತ್ರ ಹಿಂದಿರುಗಲಿಲ್ಲ. ಸಾಲಾರ್ ಜಂಗ್ ಅದಕ್ಕಾಗಿ ಬದುಕಿನುದ್ದಕ್ಕೂ ಬೇಡಿದ. 1902ರಲ್ಲಿ ಕರ್ಜನ್ ಅದನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಶಾಶ್ವತ ಗೇಣಿಗೆ ಬರೆಸಿಕೊಂಡ. ಕಾಂಟಿಂಜೆಂಟು ಅದರ ಮರುವರ್ಷ ಭಾರತೀಯ ಸೈನ್ಯದಲ್ಲಿ ಲೀನವಾಯಿತು. ಹೀಗೆ ಯಾವ ಸೈನ್ಯದ ಖರ್ಚಿಗೆಂದು ನೆಲ ಹೋಗಿತ್ತೋ ಆ ಸೈನ್ಯವೂ ಇಲ್ಲವಾಯಿತು, ನೆಲವೂ ಬರಲಿಲ್ಲ. ಒಮ್ಮೆ ಅಡವಿಟ್ಟು, ಇನ್ನೊಮ್ಮೆ ಉಡುಗೊರೆಯಾಗಿ ಹಿಂದಿರುಗಿಸಿದ ರಾಯಚೂರಿನ ಜನರನ್ನು ಈ ಎರಡು ಸಲವೂ ಯಾರೂ ಕೇಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹಿಂದಿರುಗಿದ ಮೇಲೆ ಬ್ರಿಟಿಷ್ ಆಳ್ವಿಕೆ ಮುಗಿಯಿತೇ? ಸಾಲಾರ್ ಜಂಗ್ 1865ರಲ್ಲಿ ಜಿಲಾಬಂದಿ ಎಂಬ ಹೊಸ ವ್ಯವಸ್ಥೆ ತಂದ. ಕಂದಾಯ ಗುತ್ತಿಗೆ ಹೋಗಿ ಸಂಬಳದ ಅಧಿಕಾರಿಗಳು ಬಂದರು. ಕಲೆಕ್ಟರನ ಜಾಗದಲ್ಲಿ ಅವ್ವಲ್ ತಾಲ್ಲೂಕುದಾರ, ಅವನ ಕೆಳಗೆ ದುಯಂ, ಸುಯಂ ತಾಲ್ಲೂಕುದಾರರು. ಭೂಮಾಪನ ಮತ್ತು ಜಮಾಬಂದಿ ಮುಂಬಯಿ ಆಧಿಪತ್ಯದ ಮಾದರಿಯಲ್ಲಿ ನಡೆದವು. ಆಡಳಿತ ಭಾಷೆ ಮೊದಲು ಪಾರಸಿ, 1884ರಿಂದ ಉರ್ದು. ಹೊರಗಿನ ಉಡುಪು ಉರ್ದುವಿನದು, ಒಳಗಿನ ಎಲುಬುಗೂಡು ಮುಂಬಯಿಯದು. ರಾಯಚೂರು ಭಾಗದಲ್ಲಿ ಮಾಲಿಪಾಟೀಲ, ಪೊಲೀಸ್‌ಪಾಟೀಲ ಎಂಬ ಮನೆತನದ ಹೆಸರುಗಳು ಸಾಮಾನ್ಯ. ಹಳೆಯ ಗೌಡಿಕೆ ಕಂದಾಯಕ್ಕೊಂದು, ಕಾವಲಿಗೊಂದು ಎಂದು ಎರಡು ಹೋಳಾದುದರ ಗುರುತು ಅದು. ಒಂದು ಪಾರಸಿ ಪದ, ಒಂದು ಇಂಗ್ಲಿಷ್ ಪದ, ಎರಡಕ್ಕೂ ಬಾಲವಾಗಿ ಪಾಟೀಲ. ಆ ಭಾಗದ ವಸಾಹತು ಚರಿತ್ರೆಗೆ ಇದಕ್ಕಿಂತ ಚಿಕ್ಕ ಶಾಸನ ಸಿಗಲಾರದು.

ರೈಲು ಬಂದದ್ದು 1871ರಲ್ಲಿ. ಮುಂಬಯಿಯಿಂದ ಇಳಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಏರಿದ ಮದರಾಸು ರೈಲ್ವೆಯೂ ರಾಯಚೂರಿನಲ್ಲಿ ಕೂಡಿದವು. ಮುಂಬಯಿ ಮದರಾಸುಗಳನ್ನು ಹೊಲಿದ ಹೊಲಿಗೆ ಹೀಗೆ ನಿಜಾಮನ ನೆಲದಲ್ಲಿ ಬಿತ್ತು. ಹಳಿ ಹಾದ ಜಮೀನಿನ ಮೇಲಣ ಅಧಿಕಾರ ಮಾತ್ರ ಬ್ರಿಟಿಷರದು. ನಿಲ್ದಾಣದ ಬೇಲಿ ದಾಟಿದರೆ ಬೇರೆ ಸರ್ಕಾರ. ಐದು ವರ್ಷಗಳಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಬಂದಾಗ ಈ ಹಳಿ ಕಾಳನ್ನು ತಂದದ್ದೂ ಉಂಟು. ಆದರೆ ಹಳಿ ಬಂದ ಮಾತ್ರಕ್ಕೆ ಕೊಳ್ಳುವ ಹಣ ಬರುವುದಿಲ್ಲ. ರಾಯಚೂರು, ಲಿಂಗಸುಗೂರು, ಬಳ್ಳಾರಿ ಸೀಮೆಗಳು ಆ ಬರದಲ್ಲಿ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಕಳೆದುಕೊಂಡವು. ಚಿನ್ನದ ಕಥೆಯೂ ಇಂಥದೇ. 1886ರಲ್ಲಿ ಹೈದರಾಬಾದ್ ರಾಜ್ಯದ ಗಣಿ ಹಕ್ಕುಗಳು ಲಂಡನ್ನಿನ ಹೂಡಿಕೆದಾರರಿಗೆ ಹೋದವು. ಅದರ ಷೇರು ವ್ಯವಹಾರದ ಹಗರಣ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಿಚಾರಣೆಗೆ ಬಂತು. ಅಷ್ಟರಲ್ಲಿ ಹಟ್ಟಿಯ ಬಂಡೆಗಳಲ್ಲಿ ಪ್ರಾಚೀನರು ಅಗೆದ ಕುಳಿಗಳನ್ನು ಹುಡುಕುತ್ತಾ ಎಂಜಿನಿಯರರು ಅಲೆಯತೊಡಗಿದ್ದರು.

ಆ ಅಲೆದಾಟದ ಒಂದು ಫಲ ಜಗತ್ಪ್ರಸಿದ್ಧವಾಯಿತು. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಬ್ರಾಹ್ಮೀ ಬರಹವನ್ನು ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲ ಬಾರಿಗೆ ದೊರೆತದ್ದು ಅಲ್ಲಿಯೇ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ್ದು 1837ರಲ್ಲಿ. ಅಶೋಕನ ಹೆಸರನ್ನು ಎದೆಯ ಮೇಲೆ ಬರೆದುಕೊಂಡಿದ್ದ ಬಂಡೆ ಅದರ ಅನಂತರ 78 ವರ್ಷ ಪಂಡಿತರಿಗಾಗಿ ಕಾಯಿತು. ಕೊನೆಗೆ ಅದನ್ನು ಕಂಡವನು ಬಂಗಾರಕ್ಕೆಂದು ಬಂದವನು.

ಈ ವಿಳಂಬ ಆಕಸ್ಮಿಕವಲ್ಲ ಎಂಬುದೇ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ವಸಾಹತು ಸರ್ಕಾರ ತಾನು ನೇರವಾಗಿ ಆಳಿದ ಅಥವಾ ತನ್ನ ಅಧಿಕಾರಿಗಳನ್ನು ಕೂರಿಸಿದ ನಾಡುಗಳಲ್ಲಿ ಜ್ಞಾನವನ್ನೂ ಕಂದಾಯದ ಹಾಗೆ ಸಂಗ್ರಹಿಸಿತು. ಕಾಲಿನ್ ಮೆಕೆಂಜಿ ಮೈಸೂರು ಮತ್ತು ದತ್ತ ಮಂಡಲಗಳಲ್ಲಿ ಕೈಫಿಯತ್ತುಗಳನ್ನು ಬರೆಸಿದ. ಜೈನಧರ್ಮದ ಬಗ್ಗೆ ಯುರೋಪಿನ ವಿದ್ವಾಂಸರಿಗೆ ಮೊದಲ ಹಂತದಲ್ಲಿ ದೊರೆತ ಬರಹಗಳಲ್ಲೊಂದು, ಅವನಿಗಾಗಿ ಕಾವಲಿ ಬೊರಯ್ಯ ಅನುವಾದಿಸಿದ, ಜೈನ ಪುರೋಹಿತರೊಬ್ಬರ ಹೇಳಿಕೆ. ಏಷ್ಯಾಟಿಕ್ ರಿಸರ್ಚಸ್‌ನ ಒಂಬತ್ತನೆಯ ಸಂಪುಟದಲ್ಲಿದೆ. ಅವನ ಬಳಿ ಧರ್ಮಯ್ಯ ಎಂಬ ಜೈನ ಪಂಡಿತ ಕೆಲಸ ಮಾಡಿದ. ಕನಕಗಿರಿಯ ದೇವಚಂದ್ರನ ರಾಜಾವಳಿ ಕಥೆಯ ಹಿನ್ನೆಲೆಯಲ್ಲೂ ಮೆಕೆಂಜಿಯ ಸಂಗ್ರಹಕಾರ್ಯದ ಪ್ರೇರಣೆಯಿದೆ. ಮೈಸೂರಿನಲ್ಲಿ ಬಿ. ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿಯೇ ಪುಸ್ತಕವಾಗಿ ತಂದ. 1905ರ ಹೊತ್ತಿಗೆ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು ಮುಗಿದಿದ್ದವು.

ಎಡೆದೊರೆಗೆ ಇಂಥದು ಯಾವುದೂ ಒದಗಲಿಲ್ಲ. ವಾಲ್ಟರ್ ಎಲಿಯಟ್ ಪ್ರತಿಮಾಡಿಸಿದ ಶಾಸನಗಳಲ್ಲಿ ನಿಜಾಮ ಸೀಮೆಯ ಕೆಲವು ಸೇರಿದ್ದವೆಂಬುದು ನಿಜ. ಅವು ಕೈಬರಹದ ಸಂಪುಟಗಳಲ್ಲಿಯೇ ಬಹುಕಾಲ ಉಳಿದವು. ಜೆ. ಎಫ್. ಫ್ಲೀಟನ ಪ್ರಸಿದ್ಧ ಗ್ರಂಥದ ಹೆಸರನ್ನೇ ನೋಡಿರಿ: ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳು. ಅದರಲ್ಲಿ ವರ್ಣಿತರಾದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಚಾಲುಕ್ಯರ ರಾಜಧಾನಿ ಕಲ್ಯಾಣ. ಎರಡೂ ಮುಂಬಯಿ ಆಧಿಪತ್ಯದಲ್ಲಿ ಇರಲಿಲ್ಲ, ನಿಜಾಮನ ನೆಲದಲ್ಲಿದ್ದವು. ಅರಮನೆಯ ಬಾಗಿಲನ್ನು ಬಿಟ್ಟು ಪ್ರಾಂತ್ಯದ ಹೊಲಗಳಿಂದ ರಾಜವಂಶದ ಚರಿತ್ರೆ ಬರೆದಂತಾಯಿತು. ಫ್ಲೀಟನ ವಿದ್ವತ್ತಿಗೆ ಇದರಿಂದ ಕುಂದಿಲ್ಲ. ಅವನ ಕೈಯಲ್ಲಿದ್ದ ನಕ್ಷೆ ಆಡಳಿತದ ನಕ್ಷೆಯಾಗಿತ್ತು ಅಷ್ಟೆ. ಆ ನಕ್ಷೆ ನಮ್ಮ ವಿದ್ವತ್ತಿನ ನಕ್ಷೆಯಾಗಿಯೂ ಬಹಳ ಕಾಲ ಮುಂದುವರಿಯಿತು.

ಕೊಪ್ಪಳದ ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಜೈನರಿಗೆ ಅದು ಮಹಾತೀರ್ಥ. ಕವಿರಾಜಮಾರ್ಗ 1898ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಬೆಂಗಳೂರಿನಿಂದ ಅಚ್ಚಾಯಿತು. ಕೊಪಣದ ಶಾಸನಗಳು ಪುಸ್ತಕವಾದದ್ದು 1935ರಲ್ಲಿ, ಹೈದರಾಬಾದ್ ಪುರಾತತ್ತ್ವ ಮಾಲೆಯ ಹನ್ನೆರಡನೆಯ ಸಂಚಿಕೆಯಾಗಿ, ಸಿ. ಆರ್. ಕೃಷ್ಣಮಾಚಾರ್ಲು ಅವರಿಂದ. ಬೆಳಗೊಳಕ್ಕೂ ಕೊಪಣಕ್ಕೂ ನಡುವೆ 46 ವರ್ಷಗಳ ಅಂತರ. ಹೈದರಾಬಾದಿನಲ್ಲಿ ಪುರಾತತ್ತ್ವ ಇಲಾಖೆ ಆರಂಭವಾದದ್ದೇ 1914ರಲ್ಲಿ, ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕ ಶಾಸನಗಳು ತಿಳಿದದ್ದು 1931ರಲ್ಲಿ. ವರಾಂಗಚರಿತದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಹೇಳುವ ಎರಡು ಸಾಲಿನ ಶಾಸನ ಕೊಪ್ಪಳದ ಬೆಟ್ಟದಲ್ಲಿದೆ. ಪಂಪನಂಥ ಕವಿಗಳು ನೆನೆದ ಆ ಆಚಾರ್ಯರ ಕಾವ್ಯವನ್ನು ಆ. ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಓಲೆಗರಿಯ ಕಾವ್ಯವೂ ಬಂಡೆಯ ಹೆಸರೂ ವಿದ್ವಾಂಸರ ಮೇಜಿನ ಮೇಲೆ ಕೂಡಿದ್ದು ಹೀಗೆ, ಬಹಳ ತಡವಾಗಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೂಪುಗೊಂಡ ನಮ್ಮ ಸಾಹಿತ್ಯ ಚರಿತ್ರೆಗಳ ಚೌಕಟ್ಟಿನಲ್ಲಿ ಬೆಳಗೊಳ ನಡುಮನೆಯಾಗಿ ಕೊಪಣ ಹೊರಜಗಲಿಯಾಗಿ ಉಳಿದದ್ದಕ್ಕೆ ಈ ತಡವೂ ಕಾರಣ.

ಟೇಲರನನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು. ಸುರಪುರ ಸೀಮೆಯ ಬೃಹತ್ ಶಿಲಾಗೋರಿಗಳನ್ನು ಮೊದಲು ಅಗೆದು, ಅಳೆದು, ಚಿತ್ರ ಬರೆದು ಪ್ರಕಟಿಸಿದವನು ಅವನೇ. ಕೆಲಸ ಅಚ್ಚುಕಟ್ಟಾದುದು. ಆದರೆ ಅವನ್ನು ಅವನು ಶಕ–ಡ್ರೂಯಿಡ್ ಅವಶೇಷಗಳೆಂದು ಕರೆದ. ಬ್ರಿಟನ್ನಿನ ಕಲ್ಗೋರಿಗಳ ಹೋಲಿಕೆ ಕಂಡು, ಇಲ್ಲಿ ಸತ್ತವರಿಗೆ ಅಲ್ಲಿಯ ಪೂರ್ವಜರನ್ನು ಕೊಟ್ಟ. ಆ ಹೆಸರು ಈಗ ಯಾರೂ ಬಳಸುವುದಿಲ್ಲ. ಅವನ ನಕ್ಷೆಗಳು ಮಾತ್ರ ಇನ್ನೂ ಉಪಯುಕ್ತ. ವಸಾಹತು ವಿದ್ವತ್ತನ್ನು ಪೂರ್ತಿ ಒಪ್ಪುವವರೂ ಪೂರ್ತಿ ತಳ್ಳುವವರೂ ಈ ಒಂದು ಲೇಖನವನ್ನು ಓದಿದರೆ ಸಾಕು.

ಗಡಿಯಾದ ನದಿ ಬರಿಯ ನಷ್ಟವನ್ನೇ ತರಲಿಲ್ಲ ಎಂಬುದನ್ನೂ ಹೇಳಬೇಕು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ನಿಜಾಮ ಸರ್ಕಾರದ ಅವಕೃಪೆಗೆ ಪಾತ್ರರಾದಾಗ ಹೊಳೆ ದಾಟಿ, ಮದರಾಸು ಆಧಿಪತ್ಯದ ದಡದಲ್ಲಿ ಪ್ರೇಮಾಯತನ ಆಶ್ರಮವನ್ನು ಸ್ಥಾಪಿಸಿದರು. ಬ್ರಿಟಿಷರ ವಿರೋಧಿಗೆ ಬ್ರಿಟಿಷರ ನೆಲವೇ ಆಸರೆ. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆದಾಗ ಅಧ್ಯಕ್ಷರಾಗಿದ್ದವರು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡದಿಂದ ಬಂದ ಪಂಜೆ ಮಂಗೇಶರಾಯರು. ಉರ್ದು ಮಾಧ್ಯಮದ ಶಾಲೆಗಳ ನಡುವೆ ಕನ್ನಡಕ್ಕೆ ಸೇರಿದ ಆ ಸಭೆಗೆ ರೈಲ್ವೆ ಜಂಕ್ಷನ್ನಿನ ಅನುಕೂಲವೂ ಇತ್ತು. 1947–48ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ ಹೋರಾಟಗಾರರ ಶಿಬಿರಗಳು ಗಡಿಯ ಆಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ನೆಲೆನಿಂತವು. 1800ರಿಂದೀಚೆಗೆ ಎಳೆದ ಗೆರೆಗಳೇ ಈಗ ಆಶ್ರಯದ ಗೆರೆಗಳಾದವು.

ಅದೇ ಗೆರೆಯ ಮೇಲೆ ಅಣೆಕಟ್ಟೂ ಎದ್ದಿತು. ತುಂಗಭದ್ರೆಗೆ ಕಟ್ಟೆ ಕಟ್ಟುವ ಯೋಚನೆಯನ್ನು ಸರ್ ಆರ್ಥರ್ ಕಾಟನ್ 1860ರ ಸುಮಾರಿನಲ್ಲಿ ಮುಂದಿಟ್ಟಿದ್ದ. ಎರಡು ದಡಕ್ಕೆ ಎರಡು ಸರ್ಕಾರಗಳಿದ್ದುದರಿಂದ ನೀರು ಹಂಚಿಕೆಯ ಮಾತುಕತೆಯಲ್ಲಿಯೇ ಎಂಟು ದಶಕಗಳು ಹೋದವು. ಮದರಾಸು ಮತ್ತು ಹೈದರಾಬಾದುಗಳ ನಡುವೆ ಒಪ್ಪಂದವಾದದ್ದು 1944ರಲ್ಲಿ. 1945ರ ಫೆಬ್ರುವರಿ 28ರಂದು ಒಂದೇ ಅಣೆಕಟ್ಟಿಗೆ ಎರಡು ಶಂಕುಸ್ಥಾಪನೆಗಳು ನಡೆದವು. ಬಲದಂಡೆಯಲ್ಲಿ ಕಲ್ಲಿಟ್ಟವನು ಮದರಾಸಿನ ಗವರ್ನರ್ ಆರ್ಥರ್ ಹೋಪ್. ಎಡದಂಡೆಯಲ್ಲಿ ಕಲ್ಲಿಟ್ಟವನು ನಿಜಾಮನ ಹಿರಿಯ ಮಗ ಆಜಂ ಜಾ. ಅವನ ಬಿರುದು ವರಾಡದ ರಾಜಕುಮಾರ: 1853ರಲ್ಲಿ ರಾಯಚೂರಿನ ಜೊತೆಗೆ ಅಡವಿಗೆ ಹೋಗಿ, ಎಂದೂ ಹಿಂದಿರುಗದ ಪ್ರಾಂತ್ಯದ ಹೆಸರು. ನೆಲದ ಬದಲಿಗೆ ಬ್ರಿಟಿಷರು ಆ ಮನೆತನಕ್ಕೆ ಕೊಟ್ಟದ್ದು ಈ ಬಿರುದನ್ನು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರುಗಳನ್ನು ಹಾದು ಮಾನ್ವಿ ತಾಲ್ಲೂಕಿಗೆ ಬರುತ್ತದೆ. ಅಣೆಕಟ್ಟಿನಲ್ಲಿ ನೀರು ನಿಲ್ಲುವ ಹೊತ್ತಿಗೆ ಕಲ್ಲಿಟ್ಟ ಇಬ್ಬರ ಸರ್ಕಾರಗಳೂ ಇರಲಿಲ್ಲ.